ಬರೆಯದ ರಾಜ್ಯಾಂಗಕ್ಕೆ ಕಟ್ಟಿದ ಮನೆ

ಬೇಡವಾದ ಹಳೆಯ ಲೆಕ್ಕದ ಕಡ್ಡಿಗಳನ್ನು ಒಲೆಗೆ ಹಾಕಿ ಸುಡಹೋಗಿ, ಸುಮಾರು ಎಂಟು ಶತಮಾನಗಳಿಂದ ರಾಜ್ಯಭಾರಕ್ಕೆ ಆಶ್ರಯವಾಗಿದ್ದ ಅರಮನೆಯನ್ನೇ ಸುಟ್ಟುಕೊಂಡ ದೇಶ ಇಂಗ್ಲೆಂಡು. ಕಾದಂಬರಿಯಲ್ಲಿ ಬಂದಿದ್ದರೆ ಇದು ಲೇಖಕನ ಅತಿಶಯೋಕ್ತಿಯೆಂದು ನಕ್ಕು ನಾವು ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಆದರೆ 1834ನೆಯ ಇಸವಿ ಅಕ್ಟೋಬರ್ 16ರಂದು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, ಸಾವಿರಾರು ಜನರ ಕಣ್ಣೆದುರಿಗೆ ಇದು ನಡೆದುಹೋಯಿತು. ಆ ಕಡ್ಡಿಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಬ್ರಿಟಿಷರ ರಾಜ್ಯಪದ್ಧತಿಯ ಸ್ವಭಾವವೆಂತಹದೆಂಬುದು ಅವರ ರಾಜ್ಯಶಾಸ್ತ್ರದ ಗ್ರಂಥಗಳಲ್ಲಿ ಎಷ್ಟು ಕಾಣುವುದೋ ಪ್ರಾಯಶಃ ಅಷ್ಟೇ ಈ ಕಡ್ಡಿಗಳಲ್ಲಿಯೂ ಕಾಣುತ್ತದೆ.

ಓದುಬರಹ ವಿರಳವಾಗಿದ್ದ ಹನ್ನೆರಡನೆಯ ಶತಮಾನದಲ್ಲಿ, ಅರಸನ ಬೊಕ್ಕಸಕ್ಕೆ ಹಣ ಕಟ್ಟಿದವನಿಗೆ ರಸೀದಿಯೆಂದು ಕೊಡುತ್ತಿದ್ದುದು ಒಂದು ಮರದ ಕಡ್ಡಿ. ಸಾಮಾನ್ಯವಾಗಿ ಹೇಜಲ್ ಮರದ ಆ ಕಡ್ಡಿಯ ಮೇಲೆ ಮೊತ್ತಕ್ಕೆ ತಕ್ಕಂತೆ ಕಚ್ಚು ಹಾಕುವರು: ಸಾವಿರ ಪೌಂಡಿಗೆ ಅಂಗೈಯ ದಪ್ಪದಷ್ಟು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದೇ ಪೌಂಡಾದರೆ ಬಲಿತ ಜವೆಗೋದಿಯ ಕಾಳಿನಷ್ಟು. ಬಳಿಕ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಹಣ ಕಟ್ಟಿದವನಿಗೆ ಕೊಟ್ಟು ಇನ್ನೊಂದನ್ನು ಬೊಕ್ಕಸದಲ್ಲಿ ಇಟ್ಟುಕೊಳ್ಳುವರು; ವ್ಯಾಜ್ಯ ಬಂದಾಗ ಎರಡನ್ನೂ ಜೋಡಿಸಿ ನೋಡಿದರೆ ಕಚ್ಚಿಗೆ ಕಚ್ಚು, ಎಳೆಗೆ ಎಳೆ ಕೂಡಬೇಕು. ಹಾಲಿನವಳು ಪಡಸಾಲೆಯ ಗೋಡೆಯ ಮೇಲೆ ಗೆರೆಯೆಳೆದು ಬಾಕಿಯ ಲೆಕ್ಕವಿಡುತ್ತಿದ್ದುದನ್ನು ಕಂಡವರಿಗೆ ಈ ವಿದ್ಯೆ ಅಪರಿಚಿತವೆನಿಸದು. ಸೋಜಿಗವಿರುವುದು ಕಡ್ಡಿಯಲ್ಲಲ್ಲ, ಅದರ ಆಯುಸ್ಸಿನಲ್ಲಿ. ಬ್ಯಾಂಕ್ ಆಫ್ ಇಂಗ್ಲೆಂಡ್ 1694ರಲ್ಲಿ ಸ್ಥಾಪಿತವಾಯಿತು, ನ್ಯೂಟನ್ನನು ಬಂದು ಹೋದನು, ಉಗಿಯಂತ್ರಗಳು ಗಿರಣಿಗಳನ್ನು ತಿರುಗಿಸತೊಡಗಿದವು. ಬೊಕ್ಕಸದಲ್ಲಿ ಮಾತ್ರ ಕಡ್ಡಿಗೆ ಕಚ್ಚು ಹಾಕುವ ಕೆಲಸ ನಡೆದೇ ಇತ್ತು. 1782ರಲ್ಲಿ ಅದನ್ನು ರದ್ದುಮಾಡಿ ಕಾಯಿದೆಯಾದರೂ, ಆ ಕೆಲಸದ ಮೇಲಿದ್ದ ಅಧಿಕಾರಿಗಳ ಹುದ್ದೆ ಅವರ ಜೀವಮಾನದವರೆಗೆ ಮುಂದುವರಿಯಬೇಕೆಂದು ಅದೇ ಕಾಯಿದೆ ಒಪ್ಪಿಕೊಂಡದ್ದರಿಂದ, ಕೊನೆಯವನು ಗತಿಸಿ ಕಡ್ಡಿಗಳು ನಿಂತದ್ದು 1826ರಲ್ಲಿ. ಹಳೆಯದನ್ನು ಒಮ್ಮೆಲೇ ಕಿತ್ತೊಗೆಯುವುದು ಆ ಜನರಿಗೆ ಒಗ್ಗದ ಕೆಲಸ.

ಹೀಗೆ ಉಳಿದ ಕಡ್ಡಿಗಳು ಎರಡು ಬಂಡಿಯಷ್ಟಿದ್ದುವು. ಬಡವರಿಗೆ ಸೌದೆಯಾಗಿ ಹಂಚಬಹುದಾಗಿತ್ತು. ಅದು ಯಾರಿಗೂ ತೋಚಲಿಲ್ಲ. ಲಾರ್ಡ್ಸ್ ಸಭೆಯ ನೆಲದಡಿಯಲ್ಲಿ ಸಭಾಂಗಣವನ್ನು ಬೆಚ್ಚಗಿಡಲು ಇದ್ದ ಕುಲುಮೆಗಳಲ್ಲಿ ಅವನ್ನು ಸುಡಬೇಕೆಂದು ರಿಚರ್ಡ್ ವೀಬ್ಲಿ ಎಂಬ ಮೇಲ್ವಿಚಾರಕನು ಆಜ್ಞೆಯಿತ್ತನು. ಇಬ್ಬರು ಕೂಲಿಗಳು ಬೆಳಗಿನಿಂದ ಕಡ್ಡಿಯನ್ನು ತುರುಕುತ್ತ ಕುಳಿತರು. ಮಧ್ಯಾಹ್ನ ಅರಮನೆಯನ್ನು ನೋಡಲು ಬಂದವರು, ಪಾದರಕ್ಷೆಯ ಮೂಲಕವೂ ನೆಲ ಕಾದದ್ದು ತಿಳಿಯುತ್ತದೆಂದೂ, ಹೊಗೆಯಿಂದ ಗೋಡೆಯ ಚಿತ್ರಪಟಗಳು ಕಾಣಿಸುವುದಿಲ್ಲವೆಂದೂ ಮನೆವಾರ್ತೆ ನೋಡುತ್ತಿದ್ದ ಮಿಸೆಸ್ ರೈಟ್ ಎಂಬಾಕೆಯೊಡನೆ ಹೇಳಿದರು. ಆಕೆ ಕೇಳಿದಳು, ಕೂಲಿಗಳನ್ನು ವಿಚಾರಿಸಿದಳು, ಸಂಜೆಯಾದ ಮೇಲೆ ಬಾಗಿಲಿಗೆ ಬೀಗ ಹಾಕಿದಳು. ಆರು ಗಂಟೆ ಕಳೆಯುತ್ತಲೇ ಜ್ವಾಲೆ ಹೊರಗೆ ಕಾಣಿಸಿತು; ರಾತ್ರಿಯೆಲ್ಲ ಉರಿಯಿತು. ಚಿತ್ರಕಾರ ಟರ್ನರನು ಆ ಉರಿಯನ್ನು ಕಣ್ಣಾರೆ ಕಂಡು, ಮರುವರ್ಷ ಎರಡು ತೈಲಚಿತ್ರಗಳನ್ನು ಬರೆದನು. ರಾಜ್ಯದ ಗಜಕ್ಕೂ ಪೌಂಡಿಗೂ ಪ್ರಮಾಣವೆಂದು ಅಲ್ಲಿ ಕಾಪಾಡಿಟ್ಟಿದ್ದ ಅಳತೆಯ ಸರಳೂ ತೂಕದ ಬಟ್ಟೂ ಆ ಬೆಂಕಿಯಲ್ಲಿಯೇ ಹಾಳಾದುವು. ಇಂಗ್ಲೆಂಡಿನ ಗಜವೆಷ್ಟೆಂಬುದನ್ನು ಪಂಡಿತರ ಸಮಿತಿಯೊಂದು ಪುನಃ ನಿರ್ಣಯಿಸಬೇಕಾಯಿತು. ನಾಲ್ಕನೆಯ ವಿಲಿಯಂ ಅರಸನು, ತನಗೆ ರುಚಿಸದ ಬಕಿಂಗ್‌ಹ್ಯಾಂ ಅರಮನೆಯನ್ನು ಈ ನೆಪದಲ್ಲಿ ಪಾರ್ಲಿಮೆಂಟಿಗೆ ದಾಟಿಸಿಬಿಡೋಣವೆಂದು ನೋಡಿದನು. ಸದಸ್ಯರು ವಿನಯದಿಂದ ಬೇಡವೆಂದರು. ಅವರಿಗೆ ಬೇಕಾದದ್ದು ಹಳೆಯ ಜಾಗವೇ.

ಏಕೆ ಹಳೆಯ ಜಾಗವೇ ಬೇಕಾಯಿತೆಂಬುದನ್ನು ತಿಳಿಯಬೇಕಾದರೆ ಒಂದು ವಿಷಯವನ್ನು ನೆನೆಯಬೇಕು. ನಮ್ಮ ಭಾರತದ ಸಂವಿಧಾನವು 395 ಅನುಚ್ಛೇದಗಳ ಗ್ರಂಥವಾಗಿ 1949ರ ನವೆಂಬರ್ 26ರಂದು ಅಂಗೀಕೃತವಾಯಿತು. ಸಂಶಯ ಬಂದಾಗ ತೆರೆದು ನೋಡಬಹುದಾದ ಪುಸ್ತಕ ಅದು. ಬ್ರಿಟನ್ನಿನಲ್ಲಿ ಅಂತಹ ಪುಸ್ತಕವಿಲ್ಲ. 1215ರ ಮ್ಯಾಗ್ನಾ ಕಾರ್ಟಾ, 1689ರ ಹಕ್ಕುಗಳ ಶಾಸನ, 1911ರ ಪಾರ್ಲಿಮೆಂಟ್ ಕಾಯಿದೆ ಮೊದಲಾದ ಕೆಲವು ಲಿಖಿತ ಶಾಸನಗಳೂ, ನ್ಯಾಯಾಲಯಗಳ ತೀರ್ಪುಗಳೂ, ಇವೆರಡಕ್ಕಿಂತ ಹೆಚ್ಚಾಗಿ ಯಾರೂ ಬರೆದಿಡದ, ಆದರೆ ಎಲ್ಲರೂ ನಡೆಸಿಕೊಂಡು ಬಂದ ಸಂಪ್ರದಾಯಗಳೂ ಸೇರಿ ಅಲ್ಲಿನ ರಾಜ್ಯಾಂಗವಾಗಿದೆ. ಗ್ರಂಥವಿಲ್ಲದ ಮತದಲ್ಲಿ ದೇವಾಲಯಕ್ಕೂ ಆಚಾರಕ್ಕೂ ಹೆಚ್ಚಿನ ಪ್ರಾಮಾಣ್ಯ ಸಲ್ಲುವುದು ಸಹಜ. ಬ್ರಿಟನ್ನಿನಲ್ಲಿ ಅರ್ಧ ರಾಜ್ಯಾಂಗವು ವೆಸ್ಟ್‌ಮಿನ್‌ಸ್ಟರಿನ ಕಲ್ಲು, ಬೆಂಚು, ಬಾಗಿಲುಗಳಲ್ಲಿ ಇದೆಯೆಂದರೆ ಅದು ಬರಿಯ ಅಲಂಕಾರದ ಮಾತಲ್ಲ.

ಬೆಂಕಿಯಿಂದ ಉಳಿದದ್ದು ಮುಖ್ಯವಾಗಿ ವೆಸ್ಟ್‌ಮಿನ್‌ಸ್ಟರ್ ಹಾಲ್ ಎಂಬ ಮಹಾಶಾಲೆ. ವಿಜೇತ ವಿಲಿಯಮ್ಮನ ಮಗನಾದ ಎರಡನೆಯ ವಿಲಿಯಂ 1097ರಲ್ಲಿ ಕಟ್ಟಿಸತೊಡಗಿದ ಈ ಶಾಲೆ ಸುಮಾರು 240 ಅಡಿ ಉದ್ದ, 67 ಅಡಿ ಅಗಲವಿದೆ. ಹದಿನಾಲ್ಕನೆಯ ಶತಮಾನದ ಕೊನೆಗೆ ಎರಡನೆಯ ರಿಚರ್ಡನು ಇದಕ್ಕೆ ಹೊದಿಸಿದ ಓಕ್ ಮರದ ಮಾಡು, ನಡುವೆ ಒಂದೂ ಕಂಬವಿಲ್ಲದೆ ಆ ಅಗಲವನ್ನೆಲ್ಲ ಒಂದೇ ನೆಗೆತದಲ್ಲಿ ದಾಟುತ್ತದೆ. ಶತಮಾನಗಳ ಕಾಲ ಇಲ್ಲಿ ರಾಜ್ಯದ ಉಚ್ಚ ನ್ಯಾಯಸ್ಥಾನಗಳು ಕೂಡುತ್ತಿದ್ದುವು. ಸ್ಕಾಟ್ಲೆಂಡಿನ ವೀರ ವಿಲಿಯಂ ವಾಲೇಸನಿಗೆ 1305ರಲ್ಲಿ, ಸರ್ ಥಾಮಸ್ ಮೋರನಿಗೆ 1535ರಲ್ಲಿ ಮರಣದಂಡನೆ ವಿಧಿಸಿದ್ದು ಈ ಶಾಲೆಯಲ್ಲಿ. ಅರಸನನ್ನು ಅಪರಾಧಿಯ ಸ್ಥಾನದಲ್ಲಿ ಕೂರಿಸಿ ವಿಚಾರಿಸಿದ್ದೂ ಇಲ್ಲಿಯೇ. ಮೊದಲನೆಯ ಚಾರ್ಲ್ಸನು 1649ರ ಜನವರಿಯಲ್ಲಿ ತನ್ನನ್ನು ವಿಚಾರಿಸುವ ಅಧಿಕಾರ ಈ ನ್ಯಾಯಸ್ಥಾನಕ್ಕೆ ಎಲ್ಲಿಂದ ಬಂತೆಂದು ಕೇಳಿದನು. ಉತ್ತರ ಸಿಕ್ಕುವ ಮೊದಲೇ ಶಿರಸ್ಸು ಹೋಯಿತು.

ನಮಗೆ ಹೆಚ್ಚು ಸಂಬಂಧವುಳ್ಳ ವಿಚಾರಣೆ ಇನ್ನೊಂದು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ಮೇಲೆ ಕಾಮನ್ಸ್ ಸಭೆ ಹೊರಿಸಿದ ಆರೋಪಗಳ ವಿಚಾರಣೆ 1788ರ ಫೆಬ್ರವರಿಯಲ್ಲಿ ಈ ಶಾಲೆಯಲ್ಲಿ ಆರಂಭವಾಗಿ 1795ರ ಏಪ್ರಿಲಿನಲ್ಲಿ ಮುಗಿಯಿತು. ಆರಂಭದ ದಿನಗಳಲ್ಲಿ ಅದನ್ನು ನೋಡಲು ರಾಣಿಯಿಂದ ಮೊದಲ್ಗೊಂಡು ಲಂಡನ್ನಿನ ಸಿರಿವಂತರೆಲ್ಲ ನೆರೆದರು. ಕಡೆಗೆ ಬೆಂಚುಗಳು ಬರಿದಾದುವು. ಆರೋಪದ ಪರವಾಗಿ ನಿಂತ ಎಡ್ಮಂಡ್ ಬರ್ಕನು ಭಾರತಕ್ಕೆ ಎಂದೂ ಬಂದವನಲ್ಲ, ಆದರೂ ಅದರ ವ್ಯವಹಾರಗಳನ್ನು ವರ್ಷಗಟ್ಟಲೆ ಕೂತು ಓದಿದ್ದನು. ಇದಕ್ಕೂ ಮೂರು ವರ್ಷ ಮುಂಚೆ, 1785ರಲ್ಲಿ, ಆರ್ಕಾಟಿನ ನವಾಬನ ಸಾಲಗಳ ಮೇಲೆ ಕಾಮನ್ಸ್ ಸಭೆಯಲ್ಲಿ ಅವನು ಮಾಡಿದ ಭಾಷಣದಲ್ಲಿ, 1780ರಲ್ಲಿ ಶ್ರೀರಂಗಪಟ್ಟಣದಿಂದ ಇಳಿದು ಬಂದ ಹೈದರಾಲಿಯ ದಂಡಯಾತ್ರೆಯ ವರ್ಣನೆ ಇದೆ. ಈಸ್ಟ್ ಇಂಡಿಯಾ ಕಂಪನಿಯ ನೌಕರರ ದುರಾಶೆಯೇ ಆ ಅನರ್ಥವನ್ನು ಕರೆತಂದಿತೆಂಬುದು ಅವನ ವಾದ. ಇಂಗ್ಲಿಷ್ ವಾಗ್ಮಿತೆಯ ಮಾದರಿಯೆಂದು ಶಾಲೆಗಳಲ್ಲಿ ಓದಿಸುತ್ತಿದ್ದ ಆ ಭಾಷಣದ ನಡುವೆ ಮೈಸೂರಿನ ಹೆಸರು ಸಿಕ್ಕಿದಾಗ ಕನ್ನಡಿಗನು ಸ್ವಲ್ಪ ನಿಂತು ಓದುವುದು ಸಹಜವೇ. ಹೇಸ್ಟಿಂಗ್ಸನು ನಿರ್ದೋಷಿಯೆಂದು ತೀರ್ಪಾಯಿತು. ಆ ತೀರ್ಪಿಗಿಂತ, ದೂರದೇಶದ ಪ್ರಜೆಗಳಿಗೆ ಆದ ಅನ್ಯಾಯಕ್ಕೆ ಇಲ್ಲಿ ಉತ್ತರ ಹೇಳಬೇಕೆಂದು ಏಳು ವರ್ಷ ಅಧಿಕಾರಿಯೊಬ್ಬನನ್ನು ನಿಲ್ಲಿಸಿದ್ದು ದೊಡ್ಡದೆಂದು ಕೆಲವರು ಹೇಳುವರು. ನಿಲ್ಲಿಸಿದ್ದು ನಿಜ, ಮುಂದೆ ಅದೇ ಕಾಮನ್ಸ್ ಸಭೆಯಲ್ಲಿ ಭಾರತದ ಆಯವ್ಯಯದ ಚರ್ಚೆಯ ದಿನ ಸದಸ್ಯರು ಎದ್ದು ಹೋಗುವುದು ವಾಡಿಕೆಯಾದದ್ದೂ ಅಷ್ಟೇ ನಿಜ.

ಇನ್ನು ಕಾಮನ್ಸ್ ಸಭೆಯ ಅಂಗಣ. ಸೈಮನ್ ಡಿ ಮಾಂಟ್‌ಫರ್ಟನು 1265ರಲ್ಲಿ ಪಟ್ಟಣಗಳಿಂದಲೂ ಪ್ರತಿನಿಧಿಗಳನ್ನು ಕರೆಸಿದಂದಿನಿಂದ ಎಣಿಸಿದರೆ, ಸಾಮಾನ್ಯರ ಈ ಸಭೆಗೆ ಮೊದಲ ಸುಮಾರು ಮುನ್ನೂರು ವರ್ಷ ಸ್ವಂತದ ಠಾವೇ ಇರಲಿಲ್ಲ. ಮಠದ ಕೊಠಡಿಗಳಲ್ಲಿ ಕೂಡಿ ಕಾಲ ಕಳೆಯುತ್ತಿತ್ತು. ಆರನೆಯ ಎಡ್ವರ್ಡನ ಕಾಲದಲ್ಲಿ, 1547ರ ಸುಮಾರಿಗೆ, ಅರಮನೆಯೊಳಗಿನ ಸಂತ ಸ್ಟೀಫನ್ನನ ಪ್ರಾರ್ಥನಾಮಂದಿರ ಅದಕ್ಕೆ ದೊರೆಯಿತು. ಮಂದಿರದ ಎರಡು ಪಕ್ಕಗಳಲ್ಲಿ ಗಾಯಕಪಾದ್ರಿಗಳು ಎದುರುಬದುರಾಗಿ ಕೂರುವ ಪೀಠಗಳಿದ್ದುವು. ಸದಸ್ಯರು ಅಲ್ಲಿಯೇ ಕುಳಿತರು. ವೇದಿಕೆಯಿದ್ದ ಸ್ಥಳದಲ್ಲಿ ಸ್ಪೀಕರನ ಆಸನ ಬಂದಿತು. ಇಂದಿಗೂ ಸದಸ್ಯರು ಒಳಗೆ ಬರುವಾಗ ಆ ದಿಕ್ಕಿಗೆ ತಲೆಬಾಗುವುದು ಅಂದಿನ ವೇದಿಕೆಗೆ ಸಲ್ಲಿಸುತ್ತಿದ್ದ ನಮಸ್ಕಾರದ ಶೇಷವೆಂದು ಹೇಳುತ್ತಾರೆ. ಫ್ರಾನ್ಸ್ ಮುಂತಾದ ದೇಶಗಳಲ್ಲಿ ಶಾಸನಸಭೆಗಳು ಅರ್ಧಚಂದ್ರಾಕೃತಿಯಾಗಿದ್ದು, ಅಲ್ಲಿ ಬಲದಿಂದ ಎಡಕ್ಕೆ ಅಭಿಪ್ರಾಯಗಳು ಬಣ್ಣಬಣ್ಣವಾಗಿ ಹರಡಿಕೊಳ್ಳಬಹುದು. ವೆಸ್ಟ್‌ಮಿನ್‌ಸ್ಟರಿನಲ್ಲಿ ಈ ಕಡೆ ಇಲ್ಲವೆ ಆ ಕಡೆ, ಮೂರನೆಯ ಕಡೆಯಿಲ್ಲ. ಸರ್ಕಾರದ ಎದುರಿಗೆ ಒಂದು ವಿರೋಧಪಕ್ಷ, ಅದಕ್ಕೊಬ್ಬ ನಾಯಕ, 1937ರಿಂದ ಆ ನಾಯಕನಿಗೆ ಸರ್ಕಾರದ ಬೊಕ್ಕಸದಿಂದಲೇ ಸಂಬಳ! ಪ್ರಭುತ್ವವನ್ನು ವಿರೋಧಿಸುವುದನ್ನು ಪ್ರಭುತ್ವದ ಒಂದು ಉದ್ಯೋಗವನ್ನಾಗಿ ಮಾಡಿದ ಈ ವ್ಯವಸ್ಥೆಯೆಲ್ಲ ಭಜನೆಯ ಪೀಠಗಳಿಂದ ಹುಟ್ಟಿತೆಂದು ಹೇಳಿದರೆ ಅತಿಯಾದೀತು. ಆದರೆ ಪೀಠಗಳ ಆಕಾರ ಅದಕ್ಕೆ ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಈ ಅಂಗಣದೊಳಕ್ಕೆ ಅರಸನು ಬರುವಂತಿಲ್ಲ. ಕಾರಣ 1642ರ ಜನವರಿ 4. ಅಂದು ಮೊದಲನೆಯ ಚಾರ್ಲ್ಸನು ಜಾನ್ ಪಿಮ್, ಜಾನ್ ಹ್ಯಾಂಪ್‌ಡನ್ ಮೊದಲಾದ ಐವರು ಸದಸ್ಯರನ್ನು ಸೆರೆಹಿಡಿಯಲು ಸಶಸ್ತ್ರ ಭಟರನ್ನು ಬಾಗಿಲಲ್ಲಿ ನಿಲ್ಲಿಸಿ ತಾನೇ ಒಳಹೊಕ್ಕನು. ಐವರೂ ಸುದ್ದಿ ತಿಳಿದು ಆಗಲೇ ನದಿಯ ಮಾರ್ಗವಾಗಿ ಹೊರಟುಹೋಗಿದ್ದರು. ಅವರೆಲ್ಲಿಯೆಂದು ಅರಸನು ಕೇಳಿದಾಗ ಸ್ಪೀಕರ್ ವಿಲಿಯಂ ಲೆಂತಾಲನು ಮೊಣಕಾಲೂರಿ, ಈ ಸಭೆ ಅಪ್ಪಣೆಯಿತ್ತ ಹೊರತು ತನಗೆ ನೋಡಲು ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಎಂಬರ್ಥದ ಮಾತನ್ನು ನಿವೇದಿಸಿದನು. ಮೊಣಕಾಲೂರಿದ್ದು ಅರಸನಿಗೆ, ವಿಧೇಯತೆ ಸಭೆಗೆ: ಬ್ರಿಟಿಷ್ ಇತಿಹಾಸದ ಬಹುಭಾಗ ಈ ಒಂದು ಭಂಗಿಯಲ್ಲಿ ಅಡಗಿದೆ. ಅಂದಿನಿಂದ ಸಭೆ ನಡೆಯುತ್ತಿರುವಾಗ ಯಾವ ಅರಸನೂ ಅಲ್ಲಿ ಕಾಲಿಟ್ಟಿಲ್ಲ. ಪಾರ್ಲಿಮೆಂಟಿನ ಅಧಿವೇಶನವನ್ನು ಅರಸನು ಲಾರ್ಡ್ಸ್ ಸಭೆಯ ಸಿಂಹಾಸನದಿಂದಲೇ ಆರಂಭಿಸುತ್ತಾನೆ. ಸಾಮಾನ್ಯರನ್ನು ಕರೆತರಲು ಕರಿಯ ಬೆತ್ತ ಹಿಡಿದ ಅಧಿಕಾರಿ ಬರುವಾಗ ಅವರು ಕದವನ್ನು ಆತನ ಮುಖದ ಮೇಲೆಯೇ ರಪ್ಪನೆ ಹಾಕುತ್ತಾರೆ. ಆತನು ಬೆತ್ತದಿಂದ ಮೂರು ಬಾರಿ ತಟ್ಟಿದ ಮೇಲೆ ತೆರೆಯುತ್ತಾರೆ. ಅರಸನು ತಿರುಗಿ ಕ್ಷೇಮವಾಗಿ ಬರುವವರೆಗೆ ಕಾಮನ್ಸಿನ ಸದಸ್ಯನೊಬ್ಬನನ್ನು ಬಕಿಂಗ್‌ಹ್ಯಾಂ ಅರಮನೆಯಲ್ಲಿ ಒತ್ತೆಯಾಗಿ ಇರಿಸಿಕೊಳ್ಳುವ ಶಾಸ್ತ್ರವೂ, 1605ರ ಮದ್ದಿನ ಸಂಚಿನ ನೆನಪಿಗೆ ನೆಲಮಾಳಿಗೆಯನ್ನು ದೀಪ ಹಿಡಿದು ಶೋಧಿಸುವ ಶಾಸ್ತ್ರವೂ ಉಂಟು. ಇಷ್ಟೆಲ್ಲ ಮೆರವಣಿಗೆಯಿಂದ ಬಂದು ಅರಸನು ಓದುವ ಭಾಷಣವಾದರೂ ಆತನದಲ್ಲ. ಪ್ರತಿ ಅಕ್ಷರವನ್ನೂ ಮಂತ್ರಿಗಳು ಬರೆದುಕೊಟ್ಟಿರುತ್ತಾರೆ.

ಇದರಲ್ಲಿ ಬ್ರಿಟಿಷರ ಗುಟ್ಟಿದೆ. ಅವರು ಅಧಿಕಾರವನ್ನು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸುವಾಗ ಉಡುಪನ್ನು ಹಳಬನ ಮೈಮೇಲೆಯೇ ಬಿಡುತ್ತಾರೆ. ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ಅರಸನು ಅಂಕಿತ ಹಾಕಬೇಕೆಂಬ ನಿಯಮ ಇಂದಿಗೂ ಇದೆ. ಹಾಕದೆ ಇದ್ದ ಕೊನೆಯ ಪ್ರಸಂಗ ರಾಣಿ ಆ್ಯನ್ನಳ ಕಾಲದ್ದು, 1708ರದು. ಇಂಗ್ಲಿಷು ಚೆನ್ನಾಗಿ ಬಾರದ ಜರ್ಮನ್ ದೊರೆ ಮೊದಲನೆಯ ಜಾರ್ಜನು 1714ರಲ್ಲಿ ಪಟ್ಟಕ್ಕೆ ಬಂದು ಮಂತ್ರಿಸಭೆಗಳಿಗೆ ಬರುವುದನ್ನು ಕ್ರಮೇಣ ಬಿಟ್ಟದ್ದರಿಂದ ಅಧ್ಯಕ್ಷಸ್ಥಾನದಲ್ಲಿ ಕುಳಿತ ಸರ್ ರಾಬರ್ಟ್ ವಾಲ್‌ಪೋಲನು 1721ರಿಂದ ವಸ್ತುತಃ ಪ್ರಧಾನಮಂತ್ರಿಯಾದನು. ಡೌನಿಂಗ್ ಬೀದಿಯ 10ನೆಯ ನಂಬರಿನ ಮನೆಗೆ 1735ರಲ್ಲಿ ಬಂದನು. ಅಂತಹ ಹುದ್ದೆಯೊಂದನ್ನು ಯಾವ ಕಾಯಿದೆಯೂ ಸೃಷ್ಟಿಸಲಿಲ್ಲ. ಸದಸ್ಯನು ರಾಜೀನಾಮೆ ಕೊಡುವ ರೀತಿಯಂತೂ ಇನ್ನೂ ವಿನೋದವಾದದ್ದು. ಸದಸ್ಯತ್ವವನ್ನು ತ್ಯಜಿಸಲು ಅವಕಾಶವಿಲ್ಲವೆಂದು 1624ರಲ್ಲಿ ನಿರ್ಣಯವಾಯಿತು. ಅರಸನಿಂದ ಸಂಬಳದ ಹುದ್ದೆ ಪಡೆದವನು ಸದಸ್ಯನಾಗಿರಕೂಡದೆಂದು ಆಮೇಲೆ ನಿಯಮವಾಯಿತು. ಎರಡನ್ನೂ ಕೂಡಿಸಿ ದಾರಿ ಹುಡುಕಿದರು. ಬಿಟ್ಟುಹೋಗಬಯಸುವವನನ್ನು ಚಿಲ್ಟರ್ನ್ ಹಂಡ್ರೆಡ್ಸ್ ಎಂಬ ಗುಡ್ಡಗಾಡಿನ ಪಾರುಪತ್ಯಗಾರನನ್ನಾಗಿ ನೇಮಿಸುತ್ತಾರೆ. ಅಲ್ಲಿ ಕೆಲಸವೂ ಇಲ್ಲ, ಸಂಬಳವೂ ಇಲ್ಲ, ನೇಮಕವಾದ ಕ್ಷಣದಲ್ಲಿ ಸದಸ್ಯತ್ವ ಮಾತ್ರ ಹೋಗುತ್ತದೆ.

ಎಲ್ಲ ಹಳೆಯದೂ ಹೀಗೆ ನಿರಪಾಯಕಾರಿಯಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಸಾಲ್ಸ್‌ಬರಿಯ ಹತ್ತಿರ ಓಲ್ಡ್ ಸೇರಂ ಎಂಬ ಹಾಳುದಿಬ್ಬ, ಊರು ಖಾಲಿಯಾಗಿ ಶತಮಾನಗಳು ಕಳೆದಿದ್ದರೂ, 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದ ಮ್ಯಾಂಚೆಸ್ಟರಿಗೆ ಒಬ್ಬನೂ ಇರಲಿಲ್ಲ. ಆ ದಿಬ್ಬವನ್ನು ಕೊಂಡಿದ್ದವನು ಭಾರತದ ವ್ಯಾಪಾರದಲ್ಲಿ ಹಣಮಾಡಿ ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಪಿಟ್. ಆತನ ಮೊಮ್ಮಗ ಹಿರಿಯ ವಿಲಿಯಂ ಪಿಟ್ಟನು 1735ರಲ್ಲಿ ಸಭೆಗೆ ಬಂದದ್ದು ಆ ಹಾಳುದಿಬ್ಬದ ಪ್ರತಿನಿಧಿಯಾಗಿ. ಅರಮನೆ ಸುಡುವ ಎರಡು ವರ್ಷ ಮುಂಚೆ ಬಂದ ಸುಧಾರಣಾ ಕಾಯಿದೆ ಇಂತಹ ಕ್ಷೇತ್ರಗಳನ್ನು ತೊಡೆದುಹಾಕಿತು. ಸುಡುತ್ತಿದ್ದ ಕಟ್ಟಡವನ್ನು ನೋಡಿ ಗುಂಪಿನಲ್ಲಿ ಕೆಲವರು ಹರ್ಷಪಟ್ಟರೆಂದರೆ ಆಶ್ಚರ್ಯಪಡಬೇಕಾಗಿಲ್ಲ.

ಹೊಸ ಅರಮನೆಗೆ ಸ್ಪರ್ಧೆಯನ್ನು ಏರ್ಪಡಿಸಿದಾಗ, ಕಟ್ಟಡ ಗಾಥಿಕ್ ಇಲ್ಲವೆ ಎಲಿಜಬೆತ್ ಕಾಲದ ಶೈಲಿಯಲ್ಲಿಯೇ ಇರತಕ್ಕದ್ದೆಂದು ಷರತ್ತಾಯಿತು. 97 ನಕ್ಷೆಗಳಲ್ಲಿ ಚಾರ್ಲ್ಸ್ ಬ್ಯಾರಿಯದು ಗೆದ್ದಿತು. ಕಟ್ಟಡದ ಅಂಗಸೌಷ್ಠವ ಬ್ಯಾರಿಯದು; ಗೋಡೆಯ ಕಾಗದ, ಬಾಗಿಲ ಹಿಡಿ, ಸಿಂಹಾಸನ, ಶಾಯಿಯ ಕುಡಿಕೆಯವರೆಗೆ ಸಮಸ್ತ ಅಲಂಕಾರವೂ ಆಗಸ್ಟಸ್ ಪ್ಯೂಜಿನ್ ಎಂಬ ಪ್ರತಿಭಾಶಾಲಿಯದು. ಆರು ವರ್ಷದಲ್ಲಿ ಮುಗಿಯುವುದೆಂದು ಎಣಿಸಿದ ಕೆಲಸ ಮೂವತ್ತು ವರ್ಷ ಹಿಡಿಯಿತು. ಸುಮಾರು ಏಳು ಲಕ್ಷ ಪೌಂಡಿನ ಅಂದಾಜು ಇಪ್ಪತ್ತು ಲಕ್ಷವನ್ನು ಮೀರಿತು. ಪ್ಯೂಜಿನ್ನನು 1852ರಲ್ಲಿ, ನಲವತ್ತು ವರ್ಷಕ್ಕೇ, ಬುದ್ಧಿ ಕದಡಿ ಮರಣಹೊಂದಿದನು. ಬ್ಯಾರಿಯೂ 1860ರಲ್ಲಿ ಕೆಲಸ ಮುಗಿಯುವ ಮುನ್ನವೇ ತೀರಿಕೊಂಡನು. ನಡುವೆ 1858ರ ಬೇಸಗೆಯಲ್ಲಿ, ಊರ ಕೊಳಚೆಯೆಲ್ಲ ಸೇರಿ ಥೇಮ್ಸ್ ನದಿ ನಾರಿದ ನಾತಕ್ಕೆ ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿ, ಮೂಗು ಮುಚ್ಚಿಕೊಂಡು ಸದಸ್ಯರು ಕೂತರು. ವರ್ಷಗಟ್ಟಲೆ ತಡೆದಿದ್ದ ಒಳಚರಂಡಿಯ ಮಸೂದೆ ಆಗ ಕೆಲವೇ ವಾರಗಳಲ್ಲಿ ಕಾಯಿದೆಯಾಯಿತು; ಇಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ಟನು ಲಂಡನ್ನಿನ ನೆಲದಡಿಗೆ ಹಾಕಿಸಿದ ಮಹಾನಾಲೆಗಳು ಇಂದಿಗೂ ಕೆಲಸಮಾಡುತ್ತಿವೆ. ಶಾಸಕರ ಮೂಗಿಗೆ ತಟ್ಟಿದ ಕಷ್ಟ ಪ್ರಜೆಗಳಿಗೆ ಇಷ್ಟು ಉಪಕಾರ ಮಾಡಿದ ಉದಾಹರಣೆ ಬೇರೆ ದೇಶದಲ್ಲಿ ಇರಲಾರದು.

ಗಡಿಯಾರದ ಗೋಪುರವನ್ನು ಎಲ್ಲರೂ ಬಲ್ಲರು. ಬಿಗ್ ಬೆನ್ ಎಂಬುದು ಗೋಪುರದ ಹೆಸರಲ್ಲ, ಒಳಗಿನ 13.7 ಟನ್ ತೂಕದ ದೊಡ್ಡ ಗಂಟೆಯದು. 1859ರ ಜುಲೈಯಲ್ಲಿ ಮೊಳಗತೊಡಗಿ ಸೆಪ್ಟೆಂಬರಿನಲ್ಲಿಯೇ ಅದು ಬಿರುಕುಬಿಟ್ಟಿತು. ಬಿರುಕಿದ್ದ ಭಾಗ ಹೊಡೆತಕ್ಕೆ ಸಿಕ್ಕದಂತೆ ಗಂಟೆಯನ್ನು ಸ್ವಲ್ಪ ತಿರುಗಿಸಿ, ಹಗುರವಾದ ಸುತ್ತಿಗೆಯನ್ನು ಕಟ್ಟಿದರು. ಆ ಬಿರುಕಿನ ನಾದವನ್ನೇ ಜಗತ್ತು ರೇಡಿಯೋದಲ್ಲಿ ಕೇಳುತ್ತ ಬಂದಿದೆ. ಗಡಿಯಾರ ಹಿಂದೆಮುಂದಾದರೆ ಸರಿಪಡಿಸುವ ಉಪಾಯವೂ ಅಷ್ಟೇ ಸರಳ. ಲೋಲಕದ ಮೇಲೆ ಹಳೆಯ ಪೆನ್ನಿಗಳನ್ನು ಪೇರಿಸಿಟ್ಟಿದ್ದಾರೆ. ಒಂದು ಪೆನ್ನಿಯನ್ನು ಸೇರಿಸಿದರೆ ದಿನಕ್ಕೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಮುಂದಕ್ಕೆ, ತೆಗೆದರೆ ಅಷ್ಟೇ ಹಿಂದಕ್ಕೆ.

ಹೊಸ ಅಂಗಣದಲ್ಲಿ ಹೆಂಗಸರು ಕುಳಿತು ನೋಡಲು ಮೇಲೆ ಒಂದು ಗ್ಯಾಲರಿ ಇತ್ತು. ಆದರೆ ಅವರು ಕಂಡು ಸದಸ್ಯರ ಚಿತ್ತ ಚಂಚಲವಾಗಬಾರದೆಂದು ದಟ್ಟವಾದ ಲೋಹದ ಜಾಲರಿ ಅದರ ಮುಂದೆ. 1908ರಲ್ಲಿ ಮ್ಯೂರಿಯಲ್ ಮ್ಯಾಟರ್ಸ್ ಎಂಬ ಆಸ್ಟ್ರೇಲಿಯದ ಹೆಂಗಸು ತನ್ನನ್ನು ಆ ಜಾಲರಿಗೆ ಸರಪಳಿಯಿಂದ ಬಿಗಿದುಕೊಂಡು ಹೆಂಗಸರ ಮತಾಧಿಕಾರಕ್ಕಾಗಿ ಕೂಗತೊಡಗಿದಳು. ಬೀಗ ತೆಗೆಯಲು ಬರದೆ, ಆಕೆಯನ್ನು ಜಾಲರಿಯ ಸಮೇತ ಕಿತ್ತು ಹೊರಗೆ ಒಯ್ದರು. 1911ರ ಏಪ್ರಿಲ್ 2, ಜನಗಣತಿಯ ರಾತ್ರಿ. ಅದೇ ಹೋರಾಟದ ಎಮಿಲಿ ವೈಲ್ಡಿಂಗ್ ಡೇವಿಸನ್ ನೆಲಮಾಳಿಗೆಯ ಪ್ರಾರ್ಥನಾಮಂದಿರದ ಪೊರಕೆಗಳ ಬೀರುವಿನಲ್ಲಿ ಅಡಗಿ ಕುಳಿತಳು. ಆ ರಾತ್ರಿ ತಾನು ತಂಗಿದ್ದ ವಿಳಾಸ ಕಾಮನ್ಸ್ ಸಭೆಯೆಂದು ಗಣತಿಯಲ್ಲಿ ದಾಖಲಾಗಬೇಕೆಂಬುದು ಆಕೆಯ ಹಟ, ದಾಖಲಾಯಿತು ಕೂಡ. ಜಾಲರಿಯನ್ನು 1917ರಲ್ಲಿ ತೆಗೆದರು. ಮರುವರ್ಷ ಮೂವತ್ತು ವಯಸ್ಸು ದಾಟಿದ ಹಲವರಿಗೂ, 1928ರಲ್ಲಿ ಗಂಡಸರಿಗೆ ಸಮನಾಗಿ ಎಲ್ಲ ಹೆಂಗಸರಿಗೂ ಮತ ಬಂತು. ಜಾಲರಿಯ ತುಂಡುಗಳನ್ನು ಎಸೆಯಲಿಲ್ಲ. ಮಧ್ಯದ ಮೊಗಸಾಲೆಯ ಕಿಟಕಿಗಳಿಗೆ ಜೋಡಿಸಿದರು.

1941ರ ಮೇ ತಿಂಗಳಿನಲ್ಲಿ ಜರ್ಮನರ ಬಾಂಬಿಗೆ ಕಾಮನ್ಸಿನ ಅಂಗಣ ಪುನಃ ನೆಲಸಮವಾಯಿತು. 1943ರ ಅಕ್ಟೋಬರಿನಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಅದನ್ನು ಹೇಗೆ ಕಟ್ಟಬೇಕೆಂದು ಚರ್ಚೆಯಾಯಿತು. ಹೊಸದಾಗಿ, ವಿಶಾಲವಾಗಿ, ಪ್ರತಿಯೊಬ್ಬನಿಗೂ ಮೇಜು ಆಸನಗಳಿರುವಂತೆ ಕಟ್ಟಬಹುದಾಗಿತ್ತು. ಆಗಿನ ಪ್ರಧಾನಮಂತ್ರಿ ಚರ್ಚಿಲನು ಅದಕ್ಕೆ ವಿರೋಧಿ. ಅಂಗಣ ಆಯತಾಕಾರವಾಗಿಯೇ ಇರಬೇಕು, ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಗುವವನು ಎಲ್ಲರ ಕಣ್ಣೆದುರಿಗೆ ನೆಲವನ್ನು ದಾಟಿ ಹೋಗುವಂತಿರಬೇಕು. ಎಲ್ಲ ಸದಸ್ಯರಿಗೂ ಸ್ಥಳವಿರುವಷ್ಟು ದೊಡ್ಡದಾದರೆ ದಿನವೂ ಅರ್ಧ ಖಾಲಿಯಾದ ಶಾಲೆಯಲ್ಲಿ ಮಾತನಾಡಬೇಕಾಗುತ್ತದೆ ಎಂಬುದು ಆತನ ವಾದ. ಭಾರತದ ವಿಷಯದಲ್ಲಿ ಆತನ ಮಾತನ್ನು ನಾವು ಒಪ್ಪಲಾರೆವು, ಸಭಾಂಗಣದ ವಿಷಯದಲ್ಲಿ ಮಾತ್ರ ಆತನು ಅನುಭವಿ. ಇಂದು 650 ಸದಸ್ಯರಿರುವ ಸಭೆಯಲ್ಲಿ ಕೂರಲು ಸ್ಥಳವಿರುವುದು 427 ಮಂದಿಗೆ. ಮುಖ್ಯ ಚರ್ಚೆಯ ದಿನ ಉಳಿದವರು ಮೆಟ್ಟಲುಗಳ ಮೇಲೆ, ಬಾಗಿಲ ಬಳಿಯಲ್ಲಿ ನಿಲ್ಲುತ್ತಾರೆ. ಮತ ಹಾಕುವುದಾದರೆ ಒಪ್ಪುವವರು ಒಂದು ಮೊಗಸಾಲೆಯಲ್ಲಿ, ಒಪ್ಪದವರು ಇನ್ನೊಂದರಲ್ಲಿ ನಡೆದು ಲೆಕ್ಕಕ್ಕೆ ಸಿಕ್ಕಬೇಕು. ಎಡಿನ್‌ಬರೊದಲ್ಲಿ 1999ರಲ್ಲಿ ಹುಟ್ಟಿದ ಸ್ಕಾಟ್ಲೆಂಡಿನ ಪಾರ್ಲಿಮೆಂಟಾದರೋ ಅರ್ಧವರ್ತುಲದಲ್ಲಿ ಕೂತು ಗುಂಡಿಯೊತ್ತಿ ಮತ ಹಾಕುತ್ತದೆ, ಕ್ಷಣದಲ್ಲಿ ಫಲಿತಾಂಶ. ನಡೆಯುವಾಗ ಮಂತ್ರಿಯ ಪಕ್ಕದಲ್ಲಿ ಸಾಮಾನ್ಯ ಸದಸ್ಯನು ನಡೆದು ತನ್ನ ಊರ ತೊಂದರೆಯನ್ನು ಹೇಳಿಕೊಳ್ಳಬಹುದೆಂದು ವೆಸ್ಟ್‌ಮಿನ್‌ಸ್ಟರಿನವರ ಸಮರ್ಥನೆ.

1950ರ ಅಕ್ಟೋಬರ್ 26ರಂದು ತೆರೆದ ಆ ಅಂಗಣಕ್ಕೆ ಸ್ಪೀಕರನ ಆಸನವನ್ನು ಆಸ್ಟ್ರೇಲಿಯ ಕೊಟ್ಟಿತು, ನಡುವಿನ ಮೇಜನ್ನು ಕೆನಡ, ಅದರ ಮೇಲಿನ ಪೆಟ್ಟಿಗೆಗಳನ್ನು ನ್ಯೂಜಿಲೆಂಡ್. ಒಳಹೋಗುವ ಬಾಗಿಲುಗಳು ಭಾರತ ಮತ್ತು ಪಾಕಿಸ್ತಾನಗಳ ಕೊಡುಗೆ. ಯಾವ ಸಭೆ 1947ರ ಜುಲೈಯಲ್ಲಿ ಒಂದು ಕಾಯಿದೆಯಿಂದ ನಮ್ಮನ್ನು ಎರಡು ದೇಶವಾಗಿ ಬೀಳ್ಕೊಟ್ಟಿತೋ ಅದರ ಬಾಗಿಲಿಗೆ ನಾವಿಬ್ಬರೇ ಒದಗಿದೆವು.

ನದಿಯ ಆಚೆಯ ದಂಡೆಯಲ್ಲಿ, ಪಾರ್ಲಿಮೆಂಟು ಕಾಣುವಂತೆ, ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಿಂದ ಬಸವಣ್ಣನವರ ಪ್ರತಿಮೆಯಿದೆ. ಕಲ್ಯಾಣದ ಅನುಭವಮಂಟಪವನ್ನು ಜಗತ್ತಿನ ಮೊದಲ ಪಾರ್ಲಿಮೆಂಟೆಂದು ಹೇಳುವ ಉತ್ಸಾಹ ನಮ್ಮಲ್ಲಿ ಉಂಟು. ಎರಡನ್ನೂ ಹೀಗೆ ತೂಗುವುದು ನನಗೆ ಅಷ್ಟಾಗಿ ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಿ ಕಡ್ಡಿಗೆ ಕಚ್ಚು ಹಾಕಿ ಅರಸನ ಕಂದಾಯವನ್ನು ಎಣಿಸುತ್ತಿದ್ದರು, ಇಲ್ಲಿ ಕುಲವೆಂದರೇನು, ಕಾಯಕವೆಂದರೇನು ಎಂದು ಕೇಳುತ್ತಿದ್ದರು. ಪಾರ್ಲಿಮೆಂಟು ಬೆಳೆದದ್ದು ತೆರಿಗೆಯ ಚೌಕಾಸಿಯಿಂದ. ಮಂಟಪದಲ್ಲಿ ನಡೆದದ್ದು ಬೇರೆಯೇ ಮಾತು, ಮತ್ತು ಅದಕ್ಕೆ ಪಾರ್ಲಿಮೆಂಟೆಂಬ ಬಿರುದಿನ ಹಂಗಿಲ್ಲ.

ಬರೆಯದ ರಾಜ್ಯಾಂಗ ಎಲ್ಲಿಯವರೆಗೆ ನಡೆಯುತ್ತದೆಂಬ ಪ್ರಶ್ನೆ ಈಚೆಗೆ ಬ್ರಿಟನ್ನಿನಲ್ಲಿಯೇ ಎದ್ದಿದೆ. ಉನ್ನತ ನ್ಯಾಯಸ್ಥಾನವು ಲಾರ್ಡ್ಸ್ ಸಭೆಯ ಒಂದು ಅಂಗವಾಗಿದ್ದುದನ್ನು ಬೇರ್ಪಡಿಸಿ 2009ರಲ್ಲಿ ಸುಪ್ರೀಂ ಕೋರ್ಟೊಂದನ್ನು ಎದುರುಚೌಕದ ಕಟ್ಟಡದಲ್ಲಿ ಕೂರಿಸಿದರು. ಹತ್ತು ವರ್ಷ ಕಳೆಯುವುದರೊಳಗೆ, 2019ರ ಸೆಪ್ಟೆಂಬರಿನಲ್ಲಿ, ಪ್ರಧಾನಮಂತ್ರಿಯ ಸಲಹೆಯಂತೆ ರಾಣಿ ಪಾರ್ಲಿಮೆಂಟನ್ನು ಐದು ವಾರ ಮುಂದೂಡಿದ್ದು ಕಾನೂನಿಗೆ ವಿರುದ್ಧವೆಂದು ಆ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರೂ ಏಕಮತದಿಂದ ತೀರ್ಪಿತ್ತರು. ಸಂಪ್ರದಾಯವೆಂದು ಬಿಟ್ಟಿದ್ದ ಕ್ಷೇತ್ರದಲ್ಲಿ ಗೆರೆಯೆಳೆಯಬೇಕಾಗಿ ಬಂದದ್ದು, ಆ ಗೆರೆ ಎಲ್ಲಿದೆಯೆಂಬ ವಿಷಯದಲ್ಲಿ ದೊಡ್ಡವರಿಗೇ ಒಮ್ಮತವಿಲ್ಲದಾದುದರಿಂದ.

ಇತ್ತ ಮನೆಗೂ ವಯಸ್ಸಾಗಿದೆ. ಬ್ಯಾರಿಯ ಕಾಲದ ಕಲ್ಲು ಉದುರುತ್ತಿದೆ, ಕೊಳವೆಗಳು ಸೋರುತ್ತವೆ, ಬೆಂಕಿಯ ಭಯಕ್ಕೆ ಕಾವಲುಗಾರರು ಹಗಲಿರುಳು ಸುತ್ತುತ್ತಾರೆ. ಎಲ್ಲರೂ ಕೆಲವು ವರ್ಷ ಹೊರಗೆ ಹೋಗಿ ಇಡೀ ಅರಮನೆಯನ್ನು ದುರಸ್ತಿಮಾಡಬೇಕೆಂದು 2018ರ ಜನವರಿಯಲ್ಲಿ ಕಾಮನ್ಸ್ ಸಭೆ 236ಕ್ಕೆ 220 ಮತಗಳಿಂದ ನಿರ್ಣಯಿಸಿತು. ಆಮೇಲೆ ಅದರ ವೆಚ್ಚವೆಷ್ಟು, ಹೋಗುವುದು ಎಲ್ಲಿಗೆ, ಹೋದವರು ಹಿಂತಿರುಗುವುದು ಎಂದಿಗೆ ಎಂಬ ಚರ್ಚೆ ಬೆಳೆದು, ನಿರ್ಣಯ ಕಾಗದದಲ್ಲಿಯೂ ಸದಸ್ಯರು ಹಳೆಯ ಬೆಂಚುಗಳಲ್ಲಿಯೂ ವರ್ಷಗಟ್ಟಲೆ ಉಳಿದುಕೊಂಡರು. ಬಿಟ್ಟು ಹೋಗುವ ಮಾತು ಮುಂದೆ ಬಂದಾಗಲೆಲ್ಲ ಹಾಗೆ ಹೋಗಬೇಕೆನ್ನುವವರು ಒಂದು ಮೊಗಸಾಲೆಯಲ್ಲಿ, ಕೂಡದೆನ್ನುವವರು ಇನ್ನೊಂದರಲ್ಲಿ, ತಲೆಯೆಣಿಕೆಗೆ ನಡೆದೇ ಹೋಗಬೇಕು.